ಗುಡ್ಡದಲ್ಲಿ ನಿಂತುಹೋದ ಕೂಗು

ಸೀತಾಫಲದ ಪೊದೆಯಿಂದ ಕರಡಿ ಹೊರಬಂತು. "ಏನಪಾ, ಹೊಟ್ಟಿ ತುಂಬ್ತೇನು?" ಎಂದು ಮಾತಾಡಿಸುತ್ತಲೇ ವಿಜ್ಞಾನಿ ಇಂದುಧರ ಅದರ ಹತ್ತಿರ ಹೋದರು. ಕರಡಿ ಅವರನ್ನೊಮ್ಮೆ ನೋಡಿ, ಮುಖ ತಿರುಗಿಸಿ ಬಂಡೆಗಳ ಸಂದಿಗೆ ಹೋಯಿತು. ನೋಡಲು ಬಂದಿದ್ದ ಊರವರು ಚಪ್ಪಾಳೆ ತಟ್ಟಿದರು.

"ಇನ್ನ ಮ್ಯಾಲೆ ನೀವು ಗಂಟಲು ಹರ್ಕೊಳ್ಳೋದು ಬ್ಯಾಡ" ಎಂದರು ಇಂದುಧರ, ಅವರಲ್ಲಿದ್ದ ಹೆಂಗಸರಿಗೆ.

ಕೊಪ್ಪಳದ ಗುಡ್ಡಗಳಲ್ಲಿ ಆ ಹೊತ್ತಿಗೆ ಎಲ್ಲ ಕರಡಿಗಳಿಗೂ ಅವರು ರೂಪಿಸಿದ ಕೊರಳಪಟ್ಟಿ ಬಿದ್ದಿತ್ತು. ಕರಡಿ ಮೇಲೆ ಬೀಳುವುದು ಹಸಿವಿಗಲ್ಲ, ಗಾಬರಿಗೆ. ಕರಡಿಯನ್ನು ಹಿಡಿದು ತಂದು ಬೇಲಿಯೊಳಗೆ ಕೊಡುವ ತರಬೇತಿಯಲ್ಲಿ ಮನುಷ್ಯ ಎದುರಾದಾಗಲೆಲ್ಲ ಪಟ್ಟಿ ಮಿದುಳಿಗೆ ಸಣ್ಣ ವಿದ್ಯುತ್ ಮಿಡಿತ ಕಳಿಸಿ ಆ ಗಾಬರಿಯನ್ನು ಇಳಿಸುತ್ತಿತ್ತು. ಕೆಲವೇ ವಾರಗಳಲ್ಲಿ, ಮನುಷ್ಯ ಬೇರೆ, ಮೇಲೆರಗುವ ಚಿರತೆ ಬೇರೆ ಎಂದು ಕರಡಿ ಕಲಿಯುತ್ತಿತ್ತು. ಕರಡಿಗೆ ಬುದ್ಧಿ ಬಂತೆಂದು ಜನ ಹಿಗ್ಗಿದರು.

ಮೊದಲು ಹಣ್ಣು ಕೀಳುವ ಹೆಂಗಸರು ಗುಂಪು ಕಟ್ಟಿಕೊಂಡು, ಕರಡಿಗೆ ಮೊದಲೇ ತಿಳಿಯಲೆಂದು "ಹೋಯ್, ಬಂದ್ವಿ!" ಎಂದು ಕೂಗುತ್ತಾ ಗುಡ್ಡ ಹತ್ತುತ್ತಿದ್ದರು. ಈಗ ಒಬ್ಬೊಬ್ಬರೇ ಸದ್ದಿಲ್ಲದೆ ಹೋಗಿಬರತೊಡಗಿದರು. ಅವರಲ್ಲೊಬ್ಬಳಾದ ಹುಲಿಗೆಮ್ಮನ ಮಗಳು ನಾಗವೇಣಿಯೂ ಹಾಗೇ ಹೋದಳು. ಅದೇ ಕರಡಿ ಅವಳ ಮುಖಕ್ಕೇ ಎರಗಿತು. ಒಂದು ಕಣ್ಣು ಹೋಯಿತು, ಇನ್ನೊಂದರ ಬಗ್ಗೆ ಡಾಕ್ಟರು ಏನೂ ಹೇಳುತ್ತಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಇಂದುಧರ ತಲೆ ಎತ್ತದೆ ಹುಲಿಗೆಮ್ಮನಿಗೆ ಹೇಳಿದರು: "ಪಟ್ಟಿ ಕೆಟ್ಟಿಲ್ಲವ್ವಾ. ಮುಂಜಾನೆ ನಾನ ಹೋಗಿ ನೋಡ್ದೆ. ಮನುಷ್ಯಾರಿಗೆ ಆ ಕರಡಿ ಏನೂ ಮಾಡಂಗಿಲ್ಲ."

"ಹಂಗಾರ ನನ್ ಮಗಳು ಮನುಷ್ಯಾಳಲ್ಲೇನ್ರಿ?"

ಇಂದುಧರರಿಗೆ ಆಗ ಹೊಳೆಯಿತು. ಬೇಲಿಯ ಬಾಗಿಲು ತೆರೆಯುವ ಮುನ್ನ ಕರಡಿಯನ್ನು ಮಾತಾಡಿಸಬೇಕು ಎಂಬುದು ಅವರೇ ಮಾಡಿದ ನಿಯಮ, ಸುರಕ್ಷತೆಗೆಂದು ಮಾಡಿದ್ದು. ತರಬೇತಿ ಕೊಡುವವರಲ್ಲಿ ಒಬ್ಬರೂ ಅದನ್ನು ತಪ್ಪಿಸಿರಲಿಲ್ಲ. ಹೀಗಾಗಿ ಮೊದಲು ದನಿ ಕೇಳಿಸಿ ಆಮೇಲೆ ಕಾಣಿಸುವುದೇ ಕರಡಿಯ ಲೆಕ್ಕದಲ್ಲಿ ಮನುಷ್ಯ. ಸದ್ದಿಲ್ಲದೆ ಬರುವುದು ಚಿರತೆ.

ಅದನ್ನೆಲ್ಲ ಅವರು ಬಿಡಿಸಿ ಹೇಳಿದರು.

"ಆ ಕೂಗು ನಮ್ಮತ್ರ ಇತ್ತಲ್ರಿ" ಎಂದಳು ಹುಲಿಗೆಮ್ಮ. "ಬ್ಯಾಡ ಅಂದವ್ರು ನೀವು."

ಇಂದುಧರ ಎದ್ದು ವಾರ್ಡಿನೊಳಗೆ ಹೋದರು. ಸದ್ದಿಲ್ಲದೆ ಮಂಚದ ಬಳಿ ಹೋಗಿ ನಿಂತರು. ಎರಡೂ ಕಣ್ಣಿಗೆ ಬ್ಯಾಂಡೇಜು ಕಟ್ಟಿಸಿಕೊಂಡು ಮಲಗಿದ್ದ ನಾಗವೇಣಿ, ಯಾರೋ ಹತ್ತಿರ ನಿಂತ ಸುಳಿವು ಸಿಕ್ಕು ಬೆಚ್ಚಿಬಿದ್ದು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

"ಯಾರದು? ಮಾತಾಡ್ರಿ!" ಎಂದು ಕಿರುಚಿದಳು. "ಮನುಷ್ಯಾರಾದ್ರ ಮಾತಾಡ್ರಿ!"