ಇಪ್ಪತ್ಮೂರನೇ ಸೀಟಿನ ಹಾಜರಿ

ಬಸ್ಸಿನ ಬಾಗಿಲಲ್ಲಿ ನಿಂತು ಟಿಕೆಟ್ ನೋಡುತ್ತಿದ್ದ ಗೈಡ್‌ಗೆ ಮೊದಲು ಕಂಡದ್ದು ಒಂದು ಕಿವಿ. ಎಡಗಿವಿ. ಹಿಂದಿನಿಂದ ಬಿಸಿಲು ಬಿದ್ದರೆ ಸಿಗ್ನಲ್ ದೀಪದ ಹಾಗೆ ಕೆಂಪಗೆ ಹೊಳೆಯುವ, ಮುಖಕ್ಕಿಂತ ಎರಡು ಸೈಜ್ ದೊಡ್ಡ ಕಿವಿ. ಅದನ್ನು ಹಿಡಿದು ತಿರುಚಬೇಕೆಂದು ಅವಳ ಬೆರಳುಗಳು ಏಳು ವರ್ಷದಿಂದ ಕಾದಿದ್ದವು.

ಕಿವಿಯ ಒಡೆಯ ಇಬ್ಬರು ಮಕ್ಕಳನ್ನು ಮುಂದೆ ತಳ್ಳಿಕೊಂಡು ಹತ್ತಿದ. ತಲೆ ಎತ್ತಿದವನೇ ಮೆಟ್ಟಿಲ ಮೇಲೇ ನಿಂತ.

“ಅಯ್ಯೋ. ನೀನಾ?”

“ನೀವು,” ಅಂತ ತಿದ್ದಿದಳು. “ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ಮೂರು. ಕಿಟಕಿಯಿಂದ ತಲೆ ಹೊರಗೆ ಹಾಕಬೇಡಿ. ಕಿವಿಯನ್ನಂತೂ ಹಾಕಲೇಬೇಡಿ.”

“ಮಾಮ, ಈ ಆಂಟಿಗೆ ನಿನ್ ಕಿವಿ ಗೊತ್ತಾ?” ಎಂದ ದೊಡ್ಡವನು, ನಾಲ್ಕನೇ ಕ್ಲಾಸಿನ ಗುಂಡ.

“ಗೊತ್ತು ಕಣೋ. ಕಿವಿಗೂ ಆಂಟಿ ಗೊತ್ತು. ಒಳಗೆ ನಡಿ.”

ಮಕ್ಕಳು ಅವನ ಅಕ್ಕನವು. ರಾಜಧಾನಿ ನೋಡಲು ಎಲ್ಲರೂ ಒಟ್ಟಿಗೆ ಬಂದಿದ್ದರು. ಅಕ್ಕ ಮೊದಲ ದಿನವೇ ಕಾಲು ಉಳುಕಿಸಿಕೊಂಡಿದ್ದರಿಂದ ಇವತ್ತು ಮಕ್ಕಳು ಮಾಮನ ಪಾಲಿಗೆ ಬಿದ್ದಿದ್ದರು. ಚಿಕ್ಕವಳಿಗೆ ಆರು ವರ್ಷ. ಬೇಕೆಂದದ್ದು ಸಿಗುವವರೆಗೂ ಒಂದೇ ತಂತಿ ಎಳೆಯುತ್ತಿದ್ದಳಾದ್ದರಿಂದ ಮನೆಯಲ್ಲಿ ಅವಳ ಹೆಸರು ಪಿಟೀಲು.

ಗೈಡ್‌ಗೆ ತನ್ನದೇ ಒಂದು ಪದ್ಧತಿ ಇತ್ತು. ಬೇರೆ ಗೈಡ್‌ಗಳು ತಲೆ ಎಣಿಸುತ್ತಿದ್ದರು. ಇವಳು ಪ್ರತಿ ಸ್ಟಾಪಿನಲ್ಲೂ ಮೈಕಿನಲ್ಲಿ ಸೀಟ್ ನಂಬರ್ ಕೂಗಬೇಕು, ಕೂತವರು “ಇದ್ದೀನಿ” ಅನ್ನಬೇಕು. ಹೋದ ವರ್ಷ ತಲೆ ಎಣಿಸುವಾಗ ತಪ್ಪಿ, ಒಬ್ಬ ಅಜ್ಜನನ್ನು ಗಡಿಯಾರದ ಗೋಪುರದ ಮೇಲೇ ಬಿಟ್ಟು ಬಂದಿದ್ದಳು. ಮ್ಯಾನೇಜರು ಆಗಲೇ ಹೇಳಿದ್ದರು: “ಅಲ್ಲಮ್ಮಾ, ಇನ್ನೊಬ್ಬರನ್ನ ಬಿಟ್ಟು ಬಂದ್ರೆ ನೀನೂ ಬಸ್ ಬಿಟ್ಟ ಹಾಗೇ.” ಅದೇ ಮಾತು ಕಾಗದದಲ್ಲಿ ಟೈಪಾಗಿ ಅವಳ ಬ್ಯಾಗಿನಲ್ಲಿತ್ತು.

ಸಂಸತ್ ಭವನದ ಮುಂದೆ ಫೋಟೋ ಮುಗಿಯಿತು. ಹಾಜರಿ ಶುರುವಾಯಿತು.

“ಸೀಟ್ ಇಪ್ಪತ್ತೊಂದು?”

“ಇದ್ದೇನೆ ತಾಯೀ, ಇನ್ನೂ ಇದ್ದೇನೆ,” ಎಂದಿತು ಅವನ ಬಾಯಿಂದ ಎಂಬತ್ತು ವರ್ಷದ ನಡುಗುವ ದನಿ. ಬಸ್ಸೆಲ್ಲ ನಕ್ಕಿತು.

ಉದ್ಯಾನದ ಸ್ಟಾಪಿನಲ್ಲಿ ಅದೇ ಸೀಟಿನಿಂದ ನೆಗಡಿಯಾದ ಮಂತ್ರಿಯೊಬ್ಬರು “ನಮ್ಮ ಸರ್ಕಾರ ಇದೆ, ಇರುತ್ತದೆ” ಎಂದು ಭರವಸೆ ಕೊಟ್ಟರು. ಡ್ರೈವರಣ್ಣ ಕೂಡ ಹಲ್ಲು ಕಿರಿದ. ಅವಳ ಮೈ ಉರಿದು ಹೋಯಿತು.

“ಇದು ಕಾಲೇಜ್ ಅಲ್ಲ,” ಎಂದಳು, ಮೈಕನ್ನು ಅಂಗೈಯಿಂದ ಮುಚ್ಚಿ.

ಅವನು ಕನ್ನಡಿಯಲ್ಲಿ ಅವಳ ಕಣ್ಣು ಹುಡುಕಿದ. ಅವಳು ಕನ್ನಡಿಯನ್ನೇ ಬೇರೆ ಕಡೆ ತಿರುಗಿಸಿದಳು. ಡ್ರೈವರಣ್ಣ ತೆಪ್ಪಗೆ ಸರಿಮಾಡಿಕೊಂಡ.

ಕಾಲೇಜಿನಲ್ಲಿ ಅವಳಿಗೆ ಬೆಳಗಿನ ಹೊತ್ತು ಬೇಕರಿಯಲ್ಲಿ ಕೆಲಸ. ಮೊದಲ ಪೀರಿಯಡ್ ಎಂದೂ ಸಿಗುತ್ತಿರಲಿಲ್ಲ. ಎರಡು ವರ್ಷ ದಿನವೂ ಅವಳದೇ ದನಿಯಲ್ಲಿ “ಪ್ರೆಸೆಂಟ್ ಸರ್” ಎಂದವನು ಇವನೇ. ಆ ಹಾಜರಿಯಿಂದಲೇ ಅವಳು ಪರೀಕ್ಷೆಗೆ ಕೂತದ್ದು. ಮರೆತಿರಲಿಲ್ಲ.

ಕೊನೆಯ ದಿನದ ಸಮಾರಂಭದಲ್ಲಿ, “ನಿಂಗೊಂದು ಮಾತು ಹೇಳ್ಬೇಕು, ಮುಂದಿನ ಸಾಲಲ್ಲೇ ಕೂತ್ಕೋ” ಅಂದಿದ್ದ. ನೀಲಿ ಡ್ರೆಸ್ ಇಸ್ತ್ರಿ ಮಾಡಿಕೊಂಡು, ಎದೆಬಡಿತವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅವನು ಸ್ಟೇಜಿಗೆ ಬಂದು ಅವಳನ್ನೇ ಮಾಡಿ ತೋರಿಸಿದ: ಏದುಸಿರು, ಕೈಗಂಟಿದ ಹಿಟ್ಟು ಒರೆಸಿಕೊಳ್ಳುವುದು, “ಸಾರಿ ಸರ್, ಬಸ್ ಸಿಗ್ಲಿಲ್ಲ.” ಐನೂರು ಜನ ಬಿದ್ದು ಬಿದ್ದು ನಕ್ಕರು. ಅವಳು ಎದ್ದು ಹೋದಳು. ಹಿಂದೆ ಯಾರೂ ಬರಲಿಲ್ಲ.

ಈಗಲೂ ಆ ನಗು ಕೇಳಿದರೆ ಕೈಗೆ ಹಿಟ್ಟು ಅಂಟಿದ ಹಾಗಾಗುತ್ತದೆ.

ಮ್ಯೂಸಿಯಂನಲ್ಲಿ ಪಿಟೀಲಿಗೆ ತಿಮಿಂಗಿಲದ ಅಸ್ಥಿಪಂಜರ ಹಿಡಿಸಿಬಿಟ್ಟಿತು. “ಇನ್ನೊಂದ್ಸಲ ನೋಡ್ಬೇಕು” ಎಂಬ ತಂತಿ ಬಸ್ಸಿನವರೆಗೂ ಎಳೆಯಿತು. ಮಾಮ ಅವಳನ್ನು ಕಿಟಕಿ ಪಕ್ಕ ಮಲಗಿಸಿ, ತನ್ನ ಕೋಟು ಹೊದಿಸಿ, ಗುಂಡನನ್ನು ಕರೆದುಕೊಂಡು ನೀರು ತರಲು ಇಳಿದ. ವಾಪಸು ಬಂದಾಗ ಕೋಟು ಹಾಗೇ ಉಬ್ಬಿಕೊಂಡಿತ್ತು. ಅಂತೂ ನಿದ್ದೆ ಹತ್ತಿತು ಅಂದುಕೊಂಡ.

“ಇಪ್ಪತ್ತೆರಡು?”

“ಇದ್ದೀನಿ!” ಎಂದ ಗುಂಡ.

“ಇಪ್ಪತ್ಮೂರು?”

ಎಬ್ಬಿಸಿದರೆ ಮತ್ತೆ ತಂತಿ. ಅವನು ಗಂಟಲು ಸಣ್ಣಗೆ ಮಾಡಿಕೊಂಡ. “ಇದ್ದೀನೀಈಈ...”

ಅದೇ ರಾಗ, ಅದೇ ಎಳೆತ. ಅವಳು ಟಿಕ್ ಹಾಕಿದಳು. ಬಸ್ಸು ಹೊರಟಿತು.

ಮೂರನೇ ಸಿಗ್ನಲ್‌ನಲ್ಲಿ ಗುಂಡ ಬಿಸ್ಕತ್ತಿಗೆಂದು ಕೋಟು ಎತ್ತಿದ. ಕೆಳಗೆ ಬ್ಯಾಗು ಮಾತ್ರ ಇತ್ತು.

“ಮಾಮಾ! ಪಿಟೀಲು ಎಲ್ಲಿ?”

ಅವಳು ಪಟ್ಟಿ ನೋಡಿದಳು. ಟಿಕ್ ಇತ್ತು. ಅವನ ಮುಖ ನೋಡಿದಳು. ಬಿಳಿಚಿತ್ತು. ಕಿವಿ ಕೂಡ.

“ಇದ್ದೀನಿ ಅಂದಿದ್ದು ನೀನಾ?” ಎಂದಳು. ‘ನೀವು’ ಹಾರಿಹೋಗಿತ್ತು.

ಒನ್ ವೇ ರಸ್ತೆ, ಹಿಂದೆ ಮುಂದೆ ವಾಹನ. ಗುಂಡನನ್ನು ಡ್ರೈವರಣ್ಣನಿಗೆ ಒಪ್ಪಿಸಿ, ಹೀಲ್ಸ್ ಕಿತ್ತು ಕೈಯಲ್ಲಿ ಹಿಡಿದು ಅವಳು ಓಡಿದಳು. ಪಕ್ಕದಲ್ಲಿ ಅವನು.

“ಎಲ್ಲರ ಬಾಯೂ ನಿಂದೇನಾ? ಅವರವರ ಮಾತು ಅವರವರು ಆಡೋಕೆ ಬಿಡಲ್ವಾ?”

“ತಪ್ಪಾಯ್ತು...”

“ಅವತ್ತೂ ಹಂಗೇ! ನಿನ್ನ ಮಾತು ಕೇಳೋಕೆ ಕೂತಿದ್ದೆ ನಾನು. ನನ್ನ ಮಾತನ್ನೇ ನಂಗೆ ಕೇಳ್ಸಿದೆ!”

“ನಿನ್ನ ಮಿಮಿಕ್ರಿ ಮುಗಿದ ಮೇಲೆ ನನ್ನ ಮಾತು ಇತ್ತು ಕಣೇ,” ಎಂದ ಏದುತ್ತ. “ತಲೆ ಎತ್ತಿದ್ರೆ ನಿನ್ನ ಸೀಟ್ ಖಾಲಿ. ಆಮೇಲೆ ಮುಖ ತೋರಿಸೋಕೆ ಧೈರ್ಯ ಬರ್ಲಿಲ್ಲ. ಅವತ್ತು ಹೇಳ್ಬೇಕು ಅಂದ್ಕೊಂಡಿದ್ದು—”

“ಬಾಯ್ಮುಚ್ಚು! ಮೊದಲು ಮಗು!”

ಪಿಟೀಲು ತಿಮಿಂಗಿಲದ ಪಕ್ಕೆಲುಬಿನ ಕೆಳಗೆ, ಮ್ಯೂಸಿಯಂನ ಗಾರ್ಡಮ್ಮನ ಕುರ್ಚಿಯ ಮೇಲೆ, ಕೈಕಟ್ಟಿ ಕೂತಿದ್ದಳು. ಅತ್ತಿರಲಿಲ್ಲ. ಅವಳಿಗೂ ಸಿಟ್ಟು ಬಂದಿತ್ತು.

“ಆಂಟಿ, ನೀವು ನಂಬರ್ ಕೂಗ್ಲಿಲ್ವಾ?”

“ಕೂಗಿದೆ ಪುಟ್ಟಾ. ಇದ್ದೀನಿ ಅಂತ ಕೇಳಿಸ್ತು.”

“ನಾನು ಇರ್ಲೇ ಇಲ್ಲ. ಮತ್ತೆ ಯಾರಂದಿದ್ದು?”

ಇಬ್ಬರೂ ಅವನತ್ತ ತಿರುಗಿದರು. ಎರಡು ಜೊತೆ ಕಣ್ಣು, ಒಂದೇ ಕೆಂಡ.

“ನಾನು,” ಎಂದ ಅವನು. ಮಂಡಿಯೂರಿ ಮಗುವನ್ನು ಅಪ್ಪಿಕೊಂಡಾಗ ಅವನ ಭುಜ ನಡುಗುತ್ತಿದ್ದದ್ದು ಅವಳಿಗೆ ಕಂಡಿತು. ಮಿಮಿಕ್ರಿ ಅಲ್ಲ ಅದು. ಅದಕ್ಕೂ ಅವಳಿಗೆ ಸಿಟ್ಟು ಬಂತು. ಸಮಾಧಾನ ಮಾಡೋಣ ಅನ್ನಿಸಿತಲ್ಲ, ಅದಕ್ಕೆ.

ಅಷ್ಟರಲ್ಲಿ ಮ್ಯಾನೇಜರ ಫೋನ್. ಪ್ರಯಾಣಿಕರಲ್ಲಿ ಯಾರೋ ಆಫೀಸಿಗೆ ದೂರು ಕೊಟ್ಟಿದ್ದರು.

“ಅಲ್ಲಮ್ಮಾ, ಮತ್ತೆ ಬಿಟ್ಟು ಬಂದ್ಯಾ? ಈ ಸಲ ಮಗೂನಾ?”

ಅವನು ಕೈ ಚಾಚಿದ. ಅವನಿಗೆ ಅವಳ ದನಿ ಗೊತ್ತು. ಅವಳಿಗಿಂತ ಚೆನ್ನಾಗಿ ಮಾತಾಡಿ ನಿಭಾಯಿಸಬಲ್ಲ. ಅವಳು ಫೋನನ್ನು ಎದೆಗೆ ಒತ್ತಿಕೊಂಡು ಗುರುಗುಟ್ಟಿದಳು. “ನನ್ನ ದನಿ ಬಂದ್ರೆ ಕೊಂದ್ಹಾಕ್ತೀನಿ.”

ಅವನು ತಲೆಯಾಡಿಸಿದ. ಫೋನ್ ಕೊಟ್ಟಳು.

“ಸರ್, ನಾನು ಇಪ್ಪತ್ತೊಂದನೇ ಸೀಟಿನವನು.” ದನಿ ಒಡೆದಿತ್ತು, ಒರಟಾಗಿತ್ತು, ಅಲ್ಲಲ್ಲಿ ತಡವರಿಸುತ್ತಿತ್ತು. “ಅವರು ಸರಿಯಾಗೇ ಕೂಗಿದ್ರು. ಇಲ್ಲದ ಮಗು ಪರವಾಗಿ, ಅದರ ದನೀಲಿ, ನಾನೇ ಇದ್ದೀನಿ ಅಂದೆ. ತಮಾಷೆ ಚಟ ಸರ್. ಸಾಯಂಕಾಲ ಬಂದು ಬರ್ಕೊಡ್ತೀನಿ. ಅವರ ಕೆಲಸಕ್ಕೆ ಏನೂ ಆಗ್ಬಾರ್ದು. ನನ್ನ ಮೇಲೆ ಏನು ಬೇಕಾದ್ರೂ ಮಾಡಿ.”

“ಅಲ್ಲಪ್ಪಾ...” ಎಂದರು ಮ್ಯಾನೇಜರು. “ಬರ್ಕೊಡು. ಅವಳ ಮೇಲೆ ಹಾಕಲ್ಲ.”

ಆ ದನಿಯನ್ನು ಅವಳು ಮೊದಲ ಸಲ ಕೇಳಿದ್ದಳು. ಅಷ್ಟೇನೂ ಚೆನ್ನಾಗಿರಲಿಲ್ಲ. ಇನ್ನೊಂದು ಸಲ ಕೇಳಬೇಕೆನಿಸಿತು.

ಬಸ್ಸಿನಲ್ಲಿ ಎಲ್ಲರ ಮುಖವೂ ಊದಿತ್ತು. ಗೋಪುರ ನೋಡುವ ಹೊತ್ತು ಮೀರಿಹೋಗಿತ್ತು. ಅವಳು ಪಟ್ಟಿಯ ಜೊತೆ ಮುಖಗಳನ್ನೂ ನೋಡುತ್ತ, ಇಪ್ಪತ್ತೊಂದನ್ನು ಕೊನೆಗೆ ಉಳಿಸಿಕೊಂಡು, ಹಾಜರಿ ಕೂಗಿದಳು.

“ಇಪ್ಪತ್ಮೂರು?”

“ಇದ್ದೀನಿ! ನಾನೇ ಅಂದಿದ್ದು!” ಎಂದಳು ಪಿಟೀಲು, ಸೀಟಿನ ಮೇಲೆ ನಿಂತು.

“ಇಪ್ಪತ್ತೊಂದು?”

ನಗಲು ಕೂಡ ಯಾರೂ ತಯಾರಿರಲಿಲ್ಲ.

“ಇದ್ದೀನಿ,” ಎಂದ. ಅದೇ ಒರಟು ದನಿ. ಅವಳ ಪೆನ್ನು ಟಿಕ್ ಹಾಕುವುದನ್ನು ಮರೆಯಿತು.

ಸಂಜೆ ಡಿಪೋದಲ್ಲಿ ಎಲ್ಲರೂ ಇಳಿದರು. ಅವನೂ ಮಕ್ಕಳೂ ಉಳಿದರು.

“ಕೋಪ ಇಳೀತಾ?” ಎಂದ.

“ಇಲ್ಲ. ಏಳು ವರ್ಷದ್ದಿದೆ.”

“ಸರಿ. ದಿನಾ ಬಂದು ಬೈಸ್ಕೋತೀನಿ.” ಬ್ಯಾಗು ಕೆಳಗಿಟ್ಟ. “ಅವತ್ತು ಹೇಳೋದಿತ್ತಲ್ಲ... ನೀನಂದ್ರೆ ನಂಗಿಷ್ಟ. ಅಷ್ಟೇ. ಇಷ್ಟಕ್ಕೆ ಸ್ಟೇಜ್ ಯಾಕೆ ಬೇಕಿತ್ತೋ ಗೊತ್ತಿಲ್ಲ.”

ಅವಳು ಕೈ ಎತ್ತಿ ಅವನ ಎಡಗಿವಿ ಹಿಡಿದು, ಏಳು ವರ್ಷದ ಲೆಕ್ಕಕ್ಕೆ ಸರಿಯಾಗಿ ತಿರುಚಿದಳು.

“ಮಾಮ, ನೋಯ್ತಿದ್ಯಾ?” ಎಂದಳು ಪಿಟೀಲು.

“ತುಂಬಾ.”

“ಮತ್ತೆ ಯಾಕೆ ನಗ್ತಿದ್ದೀಯಾ?”

ಕಿವಿ ಇನ್ನೂ ಅವಳ ಕೈಯಲ್ಲೇ ಇತ್ತು. ತಿರುಚುವುದು ನಿಂತು ಆಗಲೇ ಬಹಳ ಹೊತ್ತಾಗಿತ್ತು.