ಮೂರನೇ ಭಾನುವಾರದ ಪ್ರಕಟಣೆ

“ಅಮ್ಮಾ, ಆ ಟವಲ್ ತಗೀರಿ. ಜನ ನಿಂತವ್ರೆ.”

“ತಗ್ಯಾಕಿಲ್ಲ ಕಣಪ್ಪ. ನನ್ ಮಗ ಬತ್ತಾನೆ.”

ಶೆಟ್ಟಿಹಳ್ಳಿ ಕಡೆಯಿಂದ ಹಾಸನಕ್ಕೆ ಹೋಗುವ ಬೆಳಗಿನ ಬಸ್ಸು ಅದು. ಹೆಂಗಸರಿಗೆ ಫ್ರೀ ಆದಮೇಲೆ ಅದರಲ್ಲಿ ಒಂಟಿಕಾಲಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಅಂಥದ್ದರಲ್ಲಿ ಜ್ಞಾನಮ್ಮ ತನ್ನ ಪಕ್ಕದ ಸೀಟಿಗೆ ಟವಲ್ ಹಾಸಿ, ಅದರ ಮೇಲೆ ಕೈಯಿಟ್ಟು ಮಹಾರಾಣಿಯ ಹಾಗೆ ಕೂತಿದ್ದಳು. ರೂಟಿಗೆ ಹೊಸಬನಾದ ಕಂಡಕ್ಟರಿಗೆ ರೇಗಿಹೋಯಿತು.

“ಎಲ್ ಬಸ್ ಅತ್ತಾನಮ್ಮ ನಿಮ್ ಮಗ? ಆಗ್ಲೇ ನಾಕ್ ಸ್ಟಾಪ್ ಆಯ್ತು!”

“ಅತ್ತಾನೆ. ನಿನ್ಗ್ಯಾಕ್ಲಾ ಅವ್ಸರ?”

ಹಿಂದೆ ಕಂಬಿ ಹಿಡಿದು ನಿಂತಿದ್ದ ದಯಾಮೇರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪ್ರತಿ ಮಂಗಳವಾರವೂ ಇದೇ ಪಾಡು. ಜನರ ನಡುವೆ ನುಸುಳಿಕೊಂಡು ಕಂಡಕ್ಟರನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

“ಬೈಬೇಡಿ ಸಾ. ಅವ್ರ ಮಗ ಬರಲ್ಲ. ತೆಪ್ಪ ತಗೊಂಡು ಹಿನ್ನೀರಿಗೆ ಮೀನಿಗೋಗಿದ್ರು. ತೆಪ್ಪ ಸಿಕ್ತು, ಅವ್ರು ಸಿಗ್ಲಿಲ್ಲ.”

“ನೀವು ಅವ್ರಿಗೆ...?”

“ಹೆಂಡ್ತಿ.”

ಅವನು ನಾಲಿಗೆ ಕಚ್ಚಿಕೊಂಡ. ಎದೆಯ ಬ್ಯಾಡ್ಜಿನಲ್ಲಿ ಬಾಲರಾಜ್ ಎಂಬ ಹೆಸರಿತ್ತು. ಅದರ ಮೇಲೆ, ಶರ್ಟಿನ ಗುಂಡಿ ಕಳಚಿದ ಕಡೆ, ಒಂದು ಪುಟ್ಟ ಶಿಲುಬೆ ಇಣುಕುತ್ತಿತ್ತು. ಆಮೇಲೆ ಹಾಸನ ಬರುವವರೆಗೂ ಆ ಸೀಟಿನ ಹತ್ತಿರ ಬಂದವರಿಗೆಲ್ಲ ಅವನೇ, “ಅದು ರಿಸರ್ವ್ ಆಗೈತೆ, ಮುಂದಕ್ಕೋಗಿ” ಎನ್ನುತ್ತಿದ್ದ. ಒಬ್ಬಳು ಜಗಳಕ್ಕೇ ನಿಂತಳು. ಅವಳಿಂದ ಬೈಸಿಕೊಂಡನೇ ಹೊರತು ಟವಲ್ ಮುಟ್ಟಲಿಲ್ಲ.

ದಯಾಮೇರಿ ಅವತ್ತು ರಾತ್ರಿ ನಿದ್ದೆ ಬರುವ ಮುಂಚೆ ಅವನ ಮುಖವನ್ನು ನೆನಪಿಸಿಕೊಂಡಳು. ಆಮೇಲೆ ಹೆದರಿ ಶಿಲುಬೆಯ ಗುರುತು ಹಾಕಿಕೊಂಡಳು.

ಗಂಡ ವಿನ್ಸೆಂಟ್ ಹೋಗಿ ಏಳು ಮಳೆಗಾಲ ಕಳೆದಿದ್ದವು. ಜ್ಞಾನಮ್ಮ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಲೇ ಇದ್ದಳು. ಕಳೆದದ್ದನ್ನು ಹುಡುಕಿಕೊಡುವವರು ಸಂತ ಅಂತೋಣಿ ಅಲ್ಲವೇ? ಅದಕ್ಕೇ ಪ್ರತಿ ಮಂಗಳವಾರ ಹಾಸನದ ಚರ್ಚಿಗೆ ಹೋಗಿ ಅವರ ನೊವೆನಾ ಪ್ರಾರ್ಥನೆ ಮಾಡುತ್ತಿದ್ದಳು. ಮನೆಯಲ್ಲಿ ದಿನಾ ಮಗನ ತಟ್ಟೆ ಬಡಿಸುತ್ತಿದ್ದಳು. ನವೆಂಬರಿನಲ್ಲಿ, ಸತ್ತವರ ಹಬ್ಬದ ದಿನ ಊರಿನ ಕ್ರೈಸ್ತರೆಲ್ಲ ಸಮಾಧಿಗಳಿಗೆ ಮೊಂಬತ್ತಿ ಹಚ್ಚುವಾಗ, ಅತ್ತೆ ಸೊಸೆ ಇಬ್ಬರೇ ಕದ ಹಾಕಿಕೊಂಡು ಒಳಗಿರುತ್ತಿದ್ದರು. ಮಗನ ಆತ್ಮಶಾಂತಿಗೆ ಸತ್ತವರ ಪೂಜೆ ಮಾಡಿಸೋಣವೇ ಎಂದು ಫಾದರ್ ಒಮ್ಮೆ ಕೇಳಿದ್ದಕ್ಕೆ ಜ್ಞಾನಮ್ಮ, “ಬದ್ಕಿರೋನ್ಗೆ ಯಾವ್ ಪೂಜೆ ಸ್ವಾಮಿ?” ಎಂದು ಎದ್ದುಬಂದಿದ್ದಳು.

ಹೆಣ ಸಿಗದ ಸಾವು ಎಂದರೆ ಹಾಗೇ. ಅದು ಮುಗಿಯುವುದೇ ಇಲ್ಲ. ದಯಾಮೇರಿಗೂ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ವಿನ್ಸೆಂಟ್ ನೀರು ತೊಟ್ಟಿಕ್ಕುತ್ತ ಹೊಸ್ತಿಲಲ್ಲಿ ನಿಂತು, “ಊಟ ಆಯ್ತಾ ದಯಾ?” ಎನ್ನುತ್ತಿದ್ದ. ಅಷ್ಟೇ. ಬದುಕಿದ್ದಾಗ ದಿನಾ ಕೇಳುತ್ತಿದ್ದ ಮಾತು ಅದು. ಈಗ ಅದನ್ನು ಕೇಳಿದರೆ ಮೈಯೆಲ್ಲ ಬೆವರಿ ಏಳುತ್ತಿದ್ದಳು.

ಹಾಸನದಲ್ಲಿ ಸ್ಕೂಲ್ ಯೂನಿಫಾರಂ ಹೊಲಿಯುವ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ. ಹಾಗಾಗಿ ದಿನಾ ಅದೇ ಬಸ್ಸು, ದಿನಾ ಅದೇ ಕಂಡಕ್ಟರು.

“ಆಧಾರ್ ತೋರ್ಸಿ.”

“ನಿನ್ನೆ ನೋಡಿದ್ರಲ್ಲ?”

“ನಿನ್ನೆ ಫೋಟೋ ಸರಿಯಾಗ್ ನೋಡ್ಲಿಲ್ಲ.”

“ಅದ್ರಲ್ಲಿ ನಾನು ಕಳ್ಳಿ ಇದ್ದಂಗಿದೀನಿ.”

“ಇಲ್ಲಿ ಮಾತ್ರ ಏನ್ ಕಮ್ಮಿ? ವಾರದಿಂದ ನನ್ ನಿದ್ದೆ ಕಾಣ್ತಿಲ್ಲ.”

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದರೂ ಕಣ್ಣು ನಕ್ಕುಬಿಟ್ಟವು. ಅದನ್ನು ಕಂಡವನು ಟಿಕೆಟ್ ಹರಿಯುವುದನ್ನೂ ಮರೆತು ಮೆಷಿನ್ ಹಿಡಿದು ನಿಂತ. ಹಿಂದಿನಿಂದ ಯಾರೋ, “ರೈಟ್ ಏಳಯ್ಯೋ!” ಎಂದು ಕೂಗಬೇಕಾಯಿತು.

ಬಾಲರಾಜ್ ಶಾಂತಿಗ್ರಾಮದವನು. ತಂಗಿಯರ ಮದುವೆ ಮಾಡುವುದರಲ್ಲಿ ತನ್ನ ಮದುವೆಯ ವಯಸ್ಸು ಮೀರಿತೆಂದು ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದ. ಒಂದು ಮಂಗಳವಾರ ಡ್ಯೂಟಿ ಇಲ್ಲದಿದ್ದರೂ ಹಾಸನದ ಚರ್ಚಿಗೆ ಬಂದು ನೊವೆನಾದ ಸಾಲಿನಲ್ಲಿ ದಯಾಮೇರಿಯ ಹಿಂದೆಯೇ ನಿಂತ.

“ನೀವೇನ್ ಕಳ್ಕೊಂಡಿದೀರ?” ಅವಳು ತಿರುಗದೆಯೇ ಕೇಳಿದಳು.

“ಕಳ್ಕೊಂಡಿಲ್ಲ. ಸಿಕ್ಕೈತೆ. ಕೇಳೋಕೆ ಧೈರ್ಯ ಇಲ್ಲ, ಅದ್ಕೇ ಅಂತೋಣಿಯಪ್ಪನ ಶಿಫಾರಸಿಗೆ ಬಂದೆ.”

ಅವಳ ಕಿವಿ ಕೆಂಪಾಯಿತು. ಮುಂದೆ ಮೊಣಕಾಲೂರಿದ್ದ ಜ್ಞಾನಮ್ಮ ಕಣ್ಣು ಮುಚ್ಚಿ, “ನನ್ ಮಗನ್ನ ಉಡುಕ್ಕೊಡಪ್ಪ, ಉಡುಕ್ಕೊಡಪ್ಪ” ಎನ್ನುತ್ತಿದ್ದಳು. ದಯಾಮೇರಿಯ ನಗು ಅಲ್ಲೇ ಒಣಗಿತು.

ಹೊರಗೆ ಬಂದಮೇಲೆ ಅವಳೇ ಮಾತೆತ್ತಿದಳು.

“ನಂಗೂ ನೀವಂದ್ರೆ ಇಷ್ಟ. ಸುಳ್ಳ್ಯಾಕೆ ಹೇಳ್ಲಿ? ಆದ್ರೆ ಅತ್ತೆನ ಬಿಟ್ಟು ನಾನು ಬರಲ್ಲ.”

“ಬುಡಿ ಅಂದೋರ್ಯಾರು? ಅವ್ರೂ ಬರ್ಲಿ. ನಮ್ಮನೇಲಿ ನನ್ ಬೈಯೋಕೆ ಯಾರೂ ಇಲ್ಲ.”

“ಅವ್ರು ಒಪ್ಪದೆ ನಾನು ತಾಳಿಗೆ ಕುತ್ತಿಗೆ ಕೊಡಲ್ಲ.”

“ಕಾಯ್ತೀನಿ,” ಎಂದ ಅವನು. ಈ ಸಲ ತಮಾಷೆ ಮಾಡಲಿಲ್ಲ.

ಫಾದರ್ ತಾವೇ ಮುಂದೆ ನಿಂತು, ಮರುಮದುವೆಗೆ ಅಪ್ಪಣೆ ಕೋರಿ ಬಿಷಪ್ಪರಿಗೆ ಅರ್ಜಿ ಬರೆಸಿದರು. ವಿಚಾರಣೆ ನಡೆದು, ವಿನ್ಸೆಂಟ್ ತೀರಿಹೋದನೆಂದು ಮೇಲಿನವರು ಒಪ್ಪಿದರು. ಕಾಗದದಲ್ಲಿ ಒಪ್ಪಿದರೆ ಆಯಿತೇ? ದಯಾಮೇರಿ ಅತ್ತೆಯ ಕಾಲ ಬಳಿ ಕೂತು ವಿಷಯ ಹೇಳಿದಾಗ ಜ್ಞಾನಮ್ಮ ಒಲೆಯಿಂದ ಮುಖ ತಿರುಗಿಸಲಿಲ್ಲ.

“ನಿನ್ನಿಷ್ಟ,” ಎಂದಳು. ಆಮೇಲೆ ಎದ್ದು ಎಂದಿನಂತೆ ಮಗನ ತಟ್ಟೆಗೆ ಮುದ್ದೆ ಬಡಿಸಿದಳು.

ಅದು ಒಪ್ಪಿಗೆಯೋ ಶಾಪವೋ ದಯಾಮೇರಿಗೆ ತಿಳಿಯಲಿಲ್ಲ.

ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ಎಲ್ಲರೆದುರು ಓದಬೇಕು. ಈಸ್ಟರ್ ಕಳೆದು ಮೇ ತಿಂಗಳ ಬಿಸಿಲು ಸುಡುತ್ತಿದ್ದಾಗ ಮೊದಲ ಪ್ರಕಟಣೆ ಬಂತು. ಊರಿನ ಚರ್ಚಿನಲ್ಲಿ ಪೂಜೆಯ ಕೊನೆಗೆ ಫಾದರ್ ಓದಿದರು: “ಶಾಂತಿಗ್ರಾಮದ ಬಾಲರಾಜ್ ಅವರಿಗೂ, ದಿವಂಗತ ವಿನ್ಸೆಂಟ್ ಅವರ ಪತ್ನಿ ದಯಾಮೇರಿ ಅವರಿಗೂ ವಿವಾಹ ನಿಶ್ಚಯವಾಗಿದೆ. ಇದಕ್ಕೆ ಅಡ್ಡಿಯಿರುವುದು ಯಾರಿಗಾದರೂ ಗೊತ್ತಿದ್ದರೆ ಚರ್ಚಿನ ವಿಚಾರಣಾ ಗುರುಗಳಿಗೆ ತಿಳಿಸತಕ್ಕದ್ದು.”

ದಿವಂಗತ! ಏಳು ವರ್ಷದಲ್ಲಿ ಯಾರೂ ಆ ಮನೆಯವರ ಎದುರು ಆಡದ ಮಾತು. ಜ್ಞಾನಮ್ಮನ ಕೈಯಿಂದ ಜಪಸರ ಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗಿ ಎತ್ತಿಕೊಳ್ಳಲಿಲ್ಲ. ದಯಾಮೇರಿ ಬಾಗಿಲ ಕಡೆ ತಿರುಗಿ ನೋಡಿದಳು. ಅಡ್ಡಿ ಹೇಳಲು ಒದ್ದೆ ಬಟ್ಟೆಯಲ್ಲಿ ಅವನೇ ಬಂದುಬಿಟ್ಟರೆ? ಬಾಗಿಲಲ್ಲಿ ಬಿಸಿಲಿತ್ತು, ಚಪ್ಪಲಿಗಳಿದ್ದವು.

ಎರಡನೇ ಭಾನುವಾರವೂ ಹಾಗೇ ಕಳೆಯಿತು. ಆದರೆ ಊರ ಬಾಯಿಗೆ ಬೀಗ ಹಾಕಲಾದೀತೇ? ನಲ್ಲಿಯ ಹತ್ತಿರ ಪಕ್ಕದ ಮನೆಯ ಅನಸೂಯಮ್ಮ ಕಿವಿಯಲ್ಲಿ ಉಸುರಿದಳು: “ನಿಮ್ಮತ್ತೆ ಮೂರ್ನೇ ವಾರ ಎದ್ದು ನಿಂತ್ಕತಾಳಂತೆ ಕಣವ್ವ. ನನ್ ಮಗ ಬದುಕವ್ನೆ, ಈ ಮದುವೆ ಆಗ್ಕೂಡ್ದು ಅಂತಾಳಂತೆ. ಉಸಾರು!”

ಅತ್ತೆ ಹಾಗೆಂದರೆ ಮುಗಿಯಿತು. ದಯಾಮೇರಿ ಅವಳನ್ನು ಮೀರಿ ಮದುವೆಯಾಗುವವಳಲ್ಲ.

ಶನಿವಾರ ಬೆಳಿಗ್ಗೆ ಜ್ಞಾನಮ್ಮ ಮನೆಯಲ್ಲಿರಲಿಲ್ಲ. ದಯಾಮೇರಿ ಫೋನ್ ಮಾಡಿದ ತಕ್ಷಣ, ರಜೆಯಿದ್ದ ಬಾಲರಾಜ್ ಬೈಕಿನಲ್ಲಿ ಬಂದ. ಎಲ್ಲಿಗೆ ಹೋಗಿರುತ್ತಾಳೆಂದು ಹೇಳಬೇಕಾಗಿರಲಿಲ್ಲ. ಮಳೆಗಾಲಕ್ಕೆ ಹಿನ್ನೀರಿನಲ್ಲಿ ಕತ್ತಿನವರೆಗೂ ಮುಳುಗುವ ಶೆಟ್ಟಿಹಳ್ಳಿಯ ಪಾಳು ಚರ್ಚು ಬೇಸಿಗೆಗೆ ನೀರಿಳಿದು ಬುಡ ಸಮೇತ ಹೊರಬರುತ್ತದೆ. ಪ್ರತಿ ವರ್ಷ ಆಗ ಅವಳು ಆ ಬಿರುಕುಬಿಟ್ಟ ಕೆಸರಿನಲ್ಲಿ ಕಣ್ಣಾಡಿಸುತ್ತ ಅಲೆಯುತ್ತಾಳೆ.

ಅವತ್ತು ಅಲ್ಲಿ ಯಾವುದೋ ಜೋಡಿಯ ಪ್ರೀ-ವೆಡ್ಡಿಂಗ್ ಶೂಟ್ ನಡೆದಿತ್ತು. ಉದ್ದ ಗೌನಿನ ಹುಡುಗಿ, ಕೋಟಿನ ಹುಡುಗ, ಮೇಲೊಂದು ಡ್ರೋನ್. ಜ್ಞಾನಮ್ಮ ಆ ಹುಡುಗನ ತೋಳು ಹಿಡಿದು ಕೇಳುತ್ತಿದ್ದಳು: “ಈ ಕಡೆ ನನ್ ಮಗ ಬಂದಿದ್ನೇನಪ್ಪ?”

ಹುಡುಗ ತಬ್ಬಿಬ್ಬಾಗಿ ನಿಂತಿದ್ದ. ಬಾಲರಾಜ್ ಹೋಗಿ ಮುದುಕಿಯ ಕೈ ಬಿಡಿಸಿದ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. “ನಡೀರಿ ಅವ್ವ, ಇಬ್ರೂ ನೋಡಾನ. ಆ ಗೋಡೆ ಹಿಂದ್ಲದ್ದು ನಾನ್ ನೋಡ್ತೀನಿ,” ಎಂದು ಪ್ಯಾಂಟ್ ಮಡಿಚಿ ನಿಜಕ್ಕೂ ಹುಡುಕತೊಡಗಿದ. ಕಂಬ ಕಂಬದ ಸಂದಿಯಲ್ಲೂ ಬಗ್ಗಿ ನೋಡಿದ. ದಯಾಮೇರಿ ದೂರದಿಂದ ನೋಡುತ್ತಿದ್ದಳು. ಇವನನ್ನು ಬಿಟ್ಟು ತಾನು ಬದುಕಲಾರೆ ಎಂದು ಆ ಕ್ಷಣ ಅವಳಿಗೆ ಖಂಡಿತವಾಯಿತು.

ಗೋಡೆಯ ಹಿಂದಿನಿಂದ ಬಾಲರಾಜ್ ಮುರಿದ ಕಮಾನಿನ ಕೆಳಗೆ ಬಂದು ನಿಂತ. ಮಂಡಿಯವರೆಗೂ ಕೆಸರು, ಬೆನ್ನ ಹಿಂದೆ ಬಿಸಿಲು, ಮುಖ ಕಾಣುತ್ತಿರಲಿಲ್ಲ. ನೀರಿನ ಕಡೆಯಿಂದ ಎದ್ದುಬಂದ ಒಂದು ಗಂಡಸಿನ ಆಕಾರ.

“ವಿನ್ಸೆಂಟ್!”

ದಯಾಮೇರಿ ಕಿರುಚಿಬಿಟ್ಟಿದ್ದಳು. ಎರಡೂ ಕೈ ಅಡ್ಡ ಹಿಡಿದು ಹಿಂದೆ ಸರಿದವಳು ಕೆಸರಿನಲ್ಲಿ ಕುಸಿದಳು.

ಬಾಲರಾಜ್ ಓಡಿ ಬಂದ. “ನಾನು ಕಣ್ರೀ, ನಾನು!” ಅವಳು ಅವನ ಮುಖ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ನಾಚಿಕೆಯಿಂದ ತಲೆತಗ್ಗಿಸಿದಳು. “ಕ್ಷಮ್ಸಿ. ನಿಮ್ಮನ್ನ ಆ ಹೆಸರಲ್ಲಿ...”

“ಓಗ್ಲಿ ಬುಡಿ. ಅವ್ರು ನಿಮ್ಗೆ ಮೊದ್ಲೋರು. ನಂಗೇನ್ ಬೇಜಾರಿಲ್ಲ.”

ಜ್ಞಾನಮ್ಮ ಹತ್ತಿರ ಬಂದು ನಿಂತಿದ್ದಳು. ಸೊಸೆಯನ್ನೇ ನೋಡುತ್ತಿದ್ದಳು.

“ನೀನು ಎದ್ರುಕೊಂಡೆ,” ಎಂದಳು. “ಅವ್ನು ಬಂದ ಅಂತ ಸಂತೋಷ ಪಡ್ಲಿಲ್ಲ. ಎದ್ರುಕೊಂಡೆ.”

ಇನ್ನು ಮುಚ್ಚಿಟ್ಟು ಏನಾಗಬೇಕು? ದಯಾಮೇರಿ ಅಳುತ್ತಲೇ ಹೇಳಿಬಿಟ್ಟಳು. “ಊಂ ಅತ್ತೆ. ಮೊದ್ಲು ಅವ್ರು ಬರ್ಲಿ ಅಂತ ಬೇಡ್ಕೊತಿದ್ದೆ. ಈಗ ಬರದೇ ಇರ್ಲಿ ಅಂತ ಬೇಡ್ಕೊತೀನಿ. ದಿನಾ ಕನಸಲ್ಲಿ ಬತ್ತಾರೆ, ಊಟ ಆಯ್ತಾ ಅಂತಾರೆ. ಭಯ ಆಯ್ತದೆ ಅತ್ತೆ. ಎಷ್ಟ್ ಪ್ರೀತಿ ಮಾಡಿದ್ದೆ, ಈಗ ಅವ್ರು ಅಂದ್ರೇ ಭಯ!”

ಜ್ಞಾನಮ್ಮ ತಿರುಗಿ ಮನೆಯ ದಾರಿ ಹಿಡಿದಳು. ಅವತ್ತು ಅವಳು ಉಣ್ಣಲಿಲ್ಲ.

ಮೂರನೇ ಭಾನುವಾರ ಚರ್ಚು ತುಂಬಿತ್ತು. ತಮಾಷೆ ನೋಡಲು ಬಂದವರೂ ಇದ್ದರು ಅನ್ನಿ. ಬಾಲರಾಜ್ ಗಂಡಸರ ಕಡೆ ಕೊನೆಯ ಬೆಂಚಿನಲ್ಲಿ ಕೂತಿದ್ದ. ಅವನ ಕಣ್ಣು ಒಮ್ಮೆ ಅವಳ ಕಣ್ಣಿಗೆ ಸಿಕ್ಕಿ, ಏನಾದರೂ ಆಗಲಿ ನಾನಿದ್ದೇನೆ ಎಂದಿತು. ಫಾದರ್ ಪ್ರಕಟಣೆ ಓದಿದರು. “...ಅಡ್ಡಿಯಿರುವುದು ಯಾರಿಗಾದರೂ ಗೊತ್ತಿದ್ದರೆ...”

ಜ್ಞಾನಮ್ಮ ಎದ್ದು ನಿಂತಳು.

ಅನಸೂಯಮ್ಮ ಪಕ್ಕದವಳನ್ನು ತಿವಿದಳು. ದಯಾಮೇರಿ ಕಣ್ಣು ಮುಚ್ಚಿಕೊಂಡಳು. ಮುಗಿಯಿತು, ಎಂದುಕೊಂಡಳು.

“ಸ್ವಾಮಿ,” ಎಂದಳು ಜ್ಞಾನಮ್ಮ. ಧ್ವನಿ ಚರ್ಚಿನ ಮೂಲೆ ಮೂಲೆಗೂ ಕೇಳಿಸಿತು. “ಮದುವೆಗೆ ಅಡ್ಡಿ ಏನೂ ಇಲ್ಲ. ಬೇರೆ ಒಂದ್ ಮಾತದೆ.”

ಫಾದರ್ ಕೈಯಲ್ಲಿದ್ದ ಹಾಳೆ ಇಳಿಸಿದರು. “ಹೇಳಮ್ಮ.”

“ನನ್ ಮಗ ಬದ್ಕಿದ್ದಾಗ ಒಂದ್ ಇರುವೆನೂ ಎದ್ರಿಸ್ದೋನಲ್ಲ. ನಾನು ಅವ್ನ ಓಗಾಕೆ ಬುಡ್ದೆ, ಇಡ್ಕೊಂಡು ಇಡ್ಕೊಂಡು, ಅವ್ನ ಎಂಡ್ತಿಗೇ ಅವ್ನ ದೆವ್ವ ಮಾಡ್ಬುಟ್ಟೆ.” ಸೆರಗಿನಿಂದ ಮೂಗೊರೆಸಿಕೊಂಡಳು. “ಇಷ್ಟ್ ವರ್ಸ ದೇವ್ರನ್ನ ಉಡುಕ್ಕೊಡು ಉಡುಕ್ಕೊಡು ಅಂದೆ. ದೇವ್ರ ಅತ್ರನೇ ಇರೋನ್ನ ಅವ್ನು ಎಲ್ಲಿಂದ ಉಡುಕ್ಕೊಟ್ಟಾನು? ಇನ್ಮ್ಯಾಕೆ, ನೀನೇ ಮಡಿಕ್ಕೋ, ಚೆನ್ನಾಗಿ ನೋಡ್ಕೋ, ನಾನ್ ಬರೋಗಂಟ ಅಂತ ಕೇಳ್ತೀನಿ. ನನ್ ಮಗನ ಎಸ್ರಲ್ಲಿ ಒಂದು ಸತ್ತೋರ ಪೂಜೆ ಮಾಡ್ಕೊಡಿ ಸ್ವಾಮಿ.”

ಫಾದರ್ ಬಲಿಪೀಠದ ಮೆಟ್ಟಿಲಿಳಿದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ವಿನ್ಸೆಂಟನ ಹೆಸರು ಹೇಳಿ, ಮೊದಲ ಸಲ ಅವನ ಆತ್ಮಕ್ಕೆ ನಿತ್ಯ ವಿಶ್ರಾಂತಿಯನ್ನು ಬೇಡಿದರು. ಊರಿಗೆ ಊರೇ ಮೊಣಕಾಲೂರಿತು. ಕೊನೆಯ ಬೆಂಚಿನಲ್ಲಿ ಬಾಲರಾಜನೂ ಊರಿದ.

ಆಗ ದಯಾಮೇರಿಗೆ ಅಳು ಬಂತು. ಹೆದರಿಕೆಯ ಅಳುವಲ್ಲ. ಒಳ್ಳೆಯ ಗಂಡನೊಬ್ಬ ಸತ್ತುಹೋದನೆಂದು ಬರುವ ಅಳು. ಏಳು ವರ್ಷ ಅಳಲಾಗದ್ದೆಲ್ಲ ಒಟ್ಟಿಗೆ ಬಂತು. ಬೆಂಚಿಗೆ ಹಣೆಯಿಟ್ಟು ಬಿಕ್ಕಿದಳು.

ಜ್ಞಾನಮ್ಮ ಪಕ್ಕದಲ್ಲಿ ಕೂತು ಸೊಸೆಯ ಬೆನ್ನು ಸವರಿದಳು.

“ಅಳವ್ವ, ಚೆನ್ನಾಗ್ ಅತ್ಬುಡು. ಇವತ್ತು ನಾನೂ ಅಳ್ತೀನಿ,” ಎಂದಳು. “ಮದುವೆ ದಿನ ಮಾತ್ರ ಇಬ್ರೂ ಅಳಂಗಿಲ್ಲ ಕಣೆ.”