ಅಪ್ಪನ ರಿಬ್ಸ್, ಗಿಳಿಯ ನಾಟಕ

"ಬಾರಮ್ಮ, ಇನ್ನೊಂದು ತುತ್ತು. ನುಂಗು, ನುಂಗು," ಎನ್ನುತ್ತಾ ಅಪ್ಪ ಗ್ರಿಲ್ಲಿನ ಪಕ್ಕದ ಡಬ್ಬಿಗೆ ಸೌಟಿನಿಂದ ಟಕ್ ಟಕ್ ಎಂದು ಬಡಿದ.

ಡಬ್ಬಿಯೊಳಗೆ ಏನೋ ಕರಕರ ಎಂದಿತು. ಚಿಮಣಿಯಿಂದ ತೆಳ್ಳಗೆ ಹೊಗೆ ಎದ್ದಿತು. ಪರೀಕ್ಷೆ ಪಾಸಾದವನ ಹಾಗೆ ಅಪ್ಪ ಎದೆಯುಬ್ಬಿಸಿ ನಿಂತ.

ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ ಗಿಳಿ ಇದನ್ನೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಐದನೇ ಕ್ಲಾಸಿನ ಈ ಹುಡುಗಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಯಾರ ಮಾತು ಕಿವಿಗೆ ಬಿದ್ದರೂ ಹಾಗೇ ಆಡಿ ತೋರಿಸುವಳು. ಹೆಡ್‌ಮಿಸ್ಸಿನ ಹಾಗೆ ಅವಳೊಮ್ಮೆ ಕೆಮ್ಮಿದ್ದಕ್ಕೆ ಇಡೀ ಕ್ಲಾಸು ಎದ್ದು ನಿಂತಿತ್ತು.

ವಾರವಿಡೀ ಲಿಫ್ಟ್ ರಿಪೇರಿ ಮಾಡುವ ಅಪ್ಪನಿಗೆ ಕೆಟ್ಟ ಯಂತ್ರ ಕಂಡರೆ ಪ್ರೀತಿ ಉಕ್ಕುತ್ತಿತ್ತು. ಈ ಪೆಲೆಟ್ ಗ್ರಿಲ್ ಯಾರದೋ ಮನೆಯವರು ಎಸೆಯಲು ಇಟ್ಟಿದ್ದದ್ದು. ಒಂದು ಕಾಲಿಲ್ಲ, ಅಲ್ಲಿ ಇಟ್ಟಿಗೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಪೆಲೆಟ್ ಕಡ್ಡಿಗಳನ್ನು ಡಬ್ಬಿಗೆ ತುಂಬಿದರೆ ಅವು ತಾವಾಗಿಯೇ ಬೆಂಕಿಗೆ ಬೀಳಬೇಕು. ಇದರಲ್ಲಿ ಸೌಟಿನ ಏಟು ಬಿದ್ದರೆ ಮಾತ್ರ ಬೀಳುತ್ತಿದ್ದವು.

"ಅಂಗಡಿ ಮಸಾಲೆ ಯಾಕೆ? ಉಪ್ಪು, ಬೆಲ್ಲ, ಖಾರದ ಪುಡಿ ಮನೇಲೇ ಇಲ್ವಾ? ಸುಮ್ನೆ ಯಾಕೆ ದುಡ್ಡು ದಂಡ?" ಎಂದು ಅಪ್ಪ ಬೆಳಿಗ್ಗೆಯೇ ಭಾಷಣ ಮಾಡಿದ್ದ. ಮಾಂಸ ಒಣಗದಂತೆ ಆಗಾಗ ವಿನೆಗರ್ ನೀರು ಚಿಮುಕಿಸಲು ಅಮ್ಮನ ಇಸ್ತ್ರಿಯ ಸ್ಪ್ರೇ ಬಾಟಲಿಯನ್ನೂ ಹಾರಿಸಿದ್ದ.

"ನಾಳೆ ನನ್ನ ಯೂನಿಫಾರ್ಮ್ ಉಪ್ಪಿನಕಾಯಿ ವಾಸನೆ ಹೊಡೆದ್ರೆ ನೋಡ್ಕೋತೀನಿ," ಎಂದಿದ್ದಳು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಮ್ಮ.

ಹಂದಿಯ ಪಕ್ಕೆಲುಬಿನ ಹಿಂದಿದ್ದ ಪೊರೆಯನ್ನು ಎಳೆದು ತೆಗೆಯುವಾಗ ಅಪ್ಪ ಗಿಳಿಯ ಕಿವಿಯಲ್ಲಿ ಒಂದು ಮಾತು ಹೇಳಿದ್ದ. "ನಿನ್ನೆ ಮಾಂಸದಂಗಡಿ ಮುಚ್ಚೋ ಹೊತ್ತಿಗೆ ಹೋಗಿ ಉಳಿದಿದ್ದ ತುಂಡು ಕಮ್ಮಿ ರೇಟಿಗೆ ಕೇಳಿದೆ. ಅವನು 'ನಾಯಿಗಾ ಸಾರ್?' ಅಂದ. 'ಹೂಂ, ಮನೇಲಿ ಮೂರಿವೆ, ಎಲ್ಲಾ ಚೆನ್ನಾಗಿ ತಿಂತಾವೆ' ಅಂದೆ. ಅಮ್ಮಂಗೆ ಹೇಳ್ಬೇಡ." ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪ ಬಂದರು, ಜೊತೆಗೆ ಗಿಳಿ ಅಕ್ಕ ಎಂದು ಕರೆಯುವ, ಕಾಲೇಜಿಗೆ ಹೋಗುವ ಅವರ ಮಗಳು. ದೊಡ್ಡಪ್ಪನ ಗ್ರಿಲ್ಲಿನ ಉರಿಯನ್ನು ಫೋನಿನಿಂದಲೇ ಏರಿಸಬಹುದು, ಇಳಿಸಬಹುದು. ಒಮ್ಮೆ ಫೋನಿನ ಚಾರ್ಜ್ ಮುಗಿದು ಮಾಂಸವೆಲ್ಲ ಇದ್ದಿಲಾಗಿತ್ತು. ಆ ವಿಷಯ ಮಾತ್ರ ಯಾರೂ ಎತ್ತುವ ಹಾಗಿಲ್ಲ.

"ಲೋ, ಇದೇನು ಗ್ರಿಲ್ಲೋ, ಹಳೇ ಗೀಸರ್ರೋ?" ಎಂದರು ದೊಡ್ಡಪ್ಪ.

ಅಕ್ಕ ಕಿಸಕ್ಕನೆ ನಕ್ಕಳು. ಗಿಳಿಗೆ ಕೊಂಬು ಬಂತು. ಅಮ್ಮ ಅಡುಗೆಮನೆಯಲ್ಲಿದ್ದಳು. ಅಪ್ಪ ತಟ್ಟೆ ತರಲು ಒಳಗೆ ಹೋದದ್ದೇ ತಡ, ಸೌಟು ಹಿಡಿದು ಎದ್ದಳು. "ಬಾರಮ್ಮ, ಇನ್ನೊಂದು ತುತ್ತು. ಸುಮ್ನೆ ಯಾಕೆ ದುಡ್ಡು ದಂಡ?" ಅದೇ ದನಿ, ಎದೆಯುಬ್ಬಿಸಿದ ಅದೇ ನಿಲುವು. ಅಕ್ಕ ಕುರ್ಚಿಯಿಂದ ಜಾರಿದಳು. ದೊಡ್ಡಪ್ಪನ ಕಣ್ಣಲ್ಲಿ ನೀರು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಎದುರಿಗಿದ್ದವರು ನಗುತ್ತಿರುವಾಗ ನಿಲ್ಲಿಸುವುದು ಗಿಳಿಗೆ ಗೊತ್ತಿರಲಿಲ್ಲ.

"ನಾಯಿಗಾ ಸಾರ್?" ಎಂದಳು ಅಂಗಡಿಯವನ ದನಿಯಲ್ಲಿ. ಆಮೇಲೆ ಅಪ್ಪನ ದನಿಯಲ್ಲಿ, "ಹೂಂ, ಮನೇಲಿ ಮೂರಿವೆ."

ಇನ್ನೊಮ್ಮೆ ನಗು ಎದ್ದಿತು. ಅದರ ನಡುವೆ ತಟ್ಟೆಗಳ ಸದ್ದು ಕೇಳಿ ಗಿಳಿ ತಿರುಗಿದಳು. ಬಾಗಿಲಲ್ಲಿ ಅಪ್ಪ ನಿಂತಿದ್ದ.

"ಚೆನ್ನಾಗ್ ಮಾಡ್ತಾಳೆ, ಅಲ್ವಾ?" ಎಂದು ಅವನೂ ನಕ್ಕ. ತಟ್ಟೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದ. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದ.

ರಿಬ್ಸ್ ಚೆನ್ನಾಗಿಯೇ ಬೆಂದಿದ್ದವು. ಮೇಲೆ ಕೆಂಪಗೆ ಹೊಳಪು, ಎಳೆದರೆ ಮಾಂಸ ಮೂಳೆಯಿಂದ ಸಲೀಸಾಗಿ ಬಿಡುತ್ತಿತ್ತು. ದೊಡ್ಡಪ್ಪ "ಪರ್ವಾಗಿಲ್ಲ" ಎನ್ನುತ್ತಲೇ ತಟ್ಟೆಯ ಪಕ್ಕ ಮೂಳೆಯ ಗುಡ್ಡೆ ಹಾಕಿದರು.

"ಇನ್ನೊಂದು ಹಾಕ್ಲಾ ಅಣ್ಣ?" ಎಂದ ಅಪ್ಪ.

"ಯಾಕೋ, ನಾಯಿಗೆ ಉಳಿಸಲ್ವಾ?" ಎಂದರು ದೊಡ್ಡಪ್ಪ.

ಅಮ್ಮ ತಲೆ ಎತ್ತಿದಳು. "ಯಾವ ನಾಯಿ?"

ಅಪ್ಪ ಮೇಜಿನ ಮೇಲಿನ ಮೂಳೆಗಳನ್ನು ಒಟ್ಟು ಮಾಡತೊಡಗಿದ. ಗಿಳಿ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಇಟ್ಟಳು. ಬೆಳಿಗ್ಗೆ ಅಷ್ಟು ನಗಿಸಿದ್ದ ಮಾತು ದೊಡ್ಡಪ್ಪನ ಬಾಯಲ್ಲಿ ಬೇರೆಯೇ ಆಗಿತ್ತು.

"ಗಿಳಿ, ಅಮ್ಮಂಗೂ ಮಾಡ್ ತೋರ್ಸು," ಎಂದು ದೊಡ್ಡಪ್ಪ ಎಣ್ಣೆಗೈ ಒರೆಸಿಕೊಂಡು ಫೋನ್ ಎತ್ತಿದರು. "ವಿಡಿಯೋ ಮಾಡ್ತೀನಿ. ಫ್ಯಾಮಿಲಿ ಗ್ರೂಪಿಗೆ ಹಾಕೋಣ."

"ಬರಲ್ಲ."

"ಈಗ್ ತಾನೇ ಮಾಡಿದ್ಯಲ್ಲೇ."

"ಅದು ಸುಳ್ಳು ದೊಡ್ಡಪ್ಪ. ನಾಯಿ ವಿಷ್ಯ ನಾನೇ ಸೇರಿಸಿದ್ದು. ಅಪ್ಪ ಹಾಗೇನೂ ಅಂದಿಲ್ಲ."

ದೊಡ್ಡಪ್ಪ ಕ್ಯಾಮೆರಾ ಹಿಡಿದೇ ಸ್ವಲ್ಪ ಹೊತ್ತು ಕಾದರು. ಗಿಳಿ ತಟ್ಟೆ ನೋಡುತ್ತಾ ಮೂಳೆಯಿಂದ ಮಾಂಸ ಬಿಡಿಸತೊಡಗಿದಳು. "ಈಗಿನ ಮಕ್ಕಳಿಗೆ ಮೂಡ್ ಬೇರೆ," ಎಂದು ಗೊಣಗಿ ಅವರು ಫೋನನ್ನು ಜೇಬಿಗೆ ಸೇರಿಸಿ ಇನ್ನೊಂದು ತುಂಡಿಗೆ ಕೈ ಹಾಕಿದರು.

ಅವರು ಹೋದ ಮೇಲೆ ಅಪ್ಪ ಹಿತ್ತಿಲಲ್ಲಿ ಗ್ರಿಲ್ಲಿನ ಜಾಲರಿ ಕೆರೆಯುತ್ತಿದ್ದ. ಗಿಳಿ ಹೋಗಿ ಪಕ್ಕದಲ್ಲಿ ನಿಂತಳು.

"ಯಾಕೆ ಸುಳ್ಳು ಹೇಳ್ದೆ?" ಎಂದ ಅಪ್ಪ, ತಲೆ ಎತ್ತದೆ.

"ಅದು ನಿನ್ ಕತೆ. ನಾನು ಹೇಳ್ಬಾರ್ದಿತ್ತು."

ಅಪ್ಪ ಇನ್ನಷ್ಟು ಜಿಡ್ಡು ಕೆರೆದ. "ಆ ಕಡೆ ಹಿಡ್ಕೋ, ಅಲ್ಲಾಡುತ್ತೆ."

ಹಿಡಿದಳು. ಕೈಯೆಲ್ಲ ಮಸಿಯಾಯಿತು.

ಸ್ವಲ್ಪ ಹೊತ್ತಿಗೆ ಅಪ್ಪನ ಮುಖದಲ್ಲಿ ಸಣ್ಣ ನಗು ಮೂಡಿತು. "ಗೊತ್ತಾ, ಆ ಅಂಗಡಿಯವನು ಆಮೇಲೆ..." ಎಂದು ಶುರು ಮಾಡಿದವನು ಗಿಳಿಯ ಕಡೆ ನೋಡಿ ಅಲ್ಲಿಗೇ ನಿಲ್ಲಿಸಿದ.

ಬೇರೆ ದಿನವಾಗಿದ್ದರೆ, "ಆಮೇಲೆ? ಆಮೇಲೆ ಏನಂದ?" ಎಂದು ಗಿಳಿ ಅವನ ತಲೆ ತಿನ್ನುತ್ತಿದ್ದಳು. ಈಗ ಕೇಳಲಿಲ್ಲ. ಜಾಲರಿ ಅಲ್ಲಾಡದ ಹಾಗೆ ಎರಡೂ ಕೈಯಿಂದ ಹಿಡಿದುಕೊಂಡು ನಿಂತಳು.